ಹಿತ್ತಲಿನ ಮೊಲದ ಮರಿ ಅನಾಥವಲ್ಲ

ಮುಂಗಾರು ನಾಲ್ಕು ಬಾರಿ ಚೆನ್ನಾಗಿ ಸುರಿದರೆ ಸಾಕು, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂತಹ ಪ್ರದೇಶಗಳಲ್ಲಿ ಮನೆ ಕಟ್ಟದೆ ಉಳಿದಿರುವ ಸೈಟುಗಳು ಮೊಣಕಾಲುದ್ದ ಹಸಿರಾಗುತ್ತವೆ. ಗರಿಕೆ, ಕಾಂಗ್ರೆಸ್ ಗಿಡ, ಜಾಲಿಯ ಎಳೆ ಪೊದೆಗಳು ಬೆಳೆದು ಕಾಂಪೌಂಡಿನ ಗೋಡೆಯನ್ನು ಮುಟ್ಟುತ್ತವೆ. ನಗರದ ಅಂಚಿನಲ್ಲಿ ಮೆಕ್ಕೆಜೋಳದ ಹೊಲಗಳೂ ಭದ್ರಾ ನಾಲೆಯ ಬದುಗಳೂ ಇನ್ನೂ ಬಹಳ ದೂರ ಸರಿದಿಲ್ಲ. ಆದ್ದರಿಂದ ಇಂತಹ ಮನೆಗಳ ಹಿತ್ತಲಿನಲ್ಲಿ ಪುದೀನದ ಮಡಿಯ ಪಕ್ಕ, ನಿಂಬೆ ಗಿಡದ ಬುಡದಲ್ಲಿ, ಅಂಗೈಯಷ್ಟು ದೊಡ್ಡದಾದ ಕಂದು ಬಣ್ಣದ ಮೊಲದ ಮರಿಯೊಂದು ಮುದುಡಿ ಕುಳಿತಿರುವುದು ಕಂಡರೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಅದು ನಮ್ಮ ಮನೆಗೆ ಬಂದ ಅತಿಥಿಯಲ್ಲ. ಅದರ ಪೂರ್ವಜರು ಮೇಯುತ್ತಿದ್ದ ನೆಲಕ್ಕೆ ನಾವು ಬಂದಿದ್ದೇವೆ.

ಅಂತಹ ಮರಿ ಕಂಡಾಗ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಮಕ್ಕಳು ಓಡಿ ಬರುತ್ತಾರೆ, ರಟ್ಟಿನ ಪೆಟ್ಟಿಗೆ ಬರುತ್ತದೆ, ಹಳೆಯ ದುಪಟ್ಟಾ ಬರುತ್ತದೆ, ಬಟ್ಟಲಿನಲ್ಲಿ ನಂದಿನಿ ಹಾಲು ಬರುತ್ತದೆ. ಎಲ್ಲರ ಮುಖದಲ್ಲೂ ಕರುಣೆಯೇ. ಮೂರು ದಿನಗಳ ನಂತರ ಅದೇ ಪೆಟ್ಟಿಗೆಯಲ್ಲಿ ಮರಿ ಸತ್ತಿರುತ್ತದೆ. ಮಕ್ಕಳು ಅಳುತ್ತಾರೆ, "ಅದರ ಹಣೆಯಲ್ಲಿ ಅಷ್ಟೇ ಬರೆದಿತ್ತು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ತಕ್ದೀರ್‌ನಲ್ಲಿ ನಂಬಿಕೆ ನಮ್ಮ ಈಮಾನಿನ ಭಾಗವೇ ಸರಿ. ಆದರೆ ನಮ್ಮ ಅಜ್ಞಾನದಿಂದಾದ ಸಾವನ್ನು ತಕ್ದೀರ್‌ನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ ಎಂಬುದು ಈ ಬರಹದ ಪ್ರಶ್ನೆ.

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಬೇಕು. ಕನ್ನಡದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿಗೆ ನಾವು ಮೊಲ ಎಂಬ ಒಂದೇ ಹೆಸರನ್ನು ಕೊಟ್ಟಿದ್ದೇವೆ. ಸಂತೆಯಲ್ಲಿ, ಪೆಟ್ ಅಂಗಡಿಗಳಲ್ಲಿ ಸಿಗುವ ಬಿಳಿ ಮೊಲವು ಯುರೋಪಿನ ಕಾಡುಮೊಲದಿಂದ ಪಳಗಿಸಿದ ತಳಿ. ಅದರ ಪೂರ್ವಜರು ನೆಲದಲ್ಲಿ ಬಿಲ ತೋಡುವವರು. ಅದರ ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ನಮ್ಮ ಹೊಲಗಳ ಮೊಲ ಬೇರೆ. ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಈ ಭಾರತೀಯ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈಯಿಂದಲೇ ಒತ್ತಿ ಮಾಡಿಕೊಂಡ ಒಂದು ತಗ್ಗೇ ಅದರ ಮನೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದು ಬರುತ್ತದೆ. ಬಿಲದ ರಕ್ಷಣೆಯಿಲ್ಲದ ಆ ಮರಿಗೆ ಸೃಷ್ಟಿಕರ್ತನು ಬೇರೆ ಮೂರು ರಕ್ಷಣೆಗಳನ್ನು ಕೊಟ್ಟಿದ್ದಾನೆ: ಒಣಹುಲ್ಲಿನಲ್ಲಿ ಕರಗಿಹೋಗುವ ಬಣ್ಣ, ನಾಯಿಯ ಮೂಗಿಗೂ ಸುಲಭವಾಗಿ ಸಿಗದಷ್ಟು ಕಡಿಮೆ ವಾಸನೆ, ಮತ್ತು ಅಲುಗಾಡದೆ ಕುಳಿತಿರುವ ಗುಣ.

ನಾಲ್ಕನೆಯ ರಕ್ಷಣೆಯೂ ಇದೆ, ಅದನ್ನೇ ನಾವು ತಪ್ಪಾಗಿ ಓದುತ್ತೇವೆ. ತಾಯಿ ಮೊಲ ಹಗಲಿಡೀ ಮರಿಯ ಬಳಿ ಸುಳಿಯುವುದಿಲ್ಲ. ಸುಳಿದರೆ ಅದರ ಮೈವಾಸನೆಯ ಜಾಡು ಹಿಡಿದು ನಾಯಿ, ಕಾಡುಬೆಕ್ಕು, ನರಿ, ಮುಂಗುಸಿ ಬರುತ್ತವೆ. ಆದುದರಿಂದ ಅದು ದೂರದಲ್ಲಿ ಮೇಯುತ್ತಾ, ಸೂರ್ಯ ಮುಳುಗಿದ ಮೇಲೆ ಬಂದು, ಕೆಲವೇ ನಿಮಿಷಗಳಲ್ಲಿ ಹಾಲೂಡಿಸಿ ಮತ್ತೆ ಹೊರಟುಹೋಗುತ್ತದೆ. ಆ ಹಾಲು ಬಹಳ ದಟ್ಟವಾದದ್ದು. ದಿನಕ್ಕೆ ಅಷ್ಟು ಸಿಕ್ಕರೆ ಮರಿಗೆ ಸಾಕಾಗುತ್ತದೆ. ಅಂದರೆ ಮಧ್ಯಾಹ್ನ ಎರಡು ಗಂಟೆಗೆ ಹಿತ್ತಲಿನಲ್ಲಿ ಒಂಟಿಯಾಗಿ ಕುಳಿತಿರುವ ಮರಿ ಅನಾಥವಲ್ಲ. ಅದು ಇರಬೇಕಾದ ರೀತಿಯಲ್ಲೇ ಇದೆ. ಅದನ್ನು ಎತ್ತಿ ಒಳಗೆ ತಂದ ಕ್ಷಣದಲ್ಲಿ ಅದು ನಿಜವಾಗಿ ಅನಾಥವಾಗುತ್ತದೆ.

ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹಿತ್ತಲಿನಲ್ಲಿ ಎರಡು ಮರಿಗಳು ಕಂಡವು. ಏಳೆಂಟು ವರ್ಷದ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು, "ದಾದಿ, ಇವುಗಳ ಅಮ್ಮಿ ಬಿಟ್ಟು ಹೋಗಿದೆ" ಎಂದಳು. ಜಗಳೂರು ಕಡೆಯ ಹಳ್ಳಿಯಲ್ಲಿ ಬೆಳೆದ ಆ ಅಜ್ಜಿ ತಸ್ಬೀಹ್ ಕೆಳಗಿಡದೆಯೇ ಹೇಳಿದರು: "ಬಿಟ್ಟು ಹೋಗಿಲ್ಲ ಬೇಟಿ, ಬಚ್ಚಿಟ್ಟು ಹೋಗಿದೆ." ಅಂದು ಸಂಜೆ ಹಿತ್ತಲಿನ ದೀಪ ಹಚ್ಚಬಾರದೆಂದು ಅವರು ಅಪ್ಪಣೆ ಮಾಡಿದರು. ಒಗೆದ ಬಟ್ಟೆ ತೆಗೆಯಲೂ ಯಾರೂ ಆ ಕಡೆ ಹೋಗಲಿಲ್ಲ. ಮಕ್ಕಳು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತರು. ಇಶಾ ಅಝಾನಿನ ಸ್ವಲ್ಪ ಹೊತ್ತಿನ ನಂತರ ಮುರಿದ ಗೋಡೆಯ ಸಂದಿನಿಂದ ಒಂದು ನೆರಳು ಬಂತು, ನಿಂತಿತು, ಕಿವಿ ತಿರುಗಿಸಿತು. ಮರಿಗಳು ತಾವಾಗಿಯೇ ಹೊರಬಂದು ಅದರ ಹೊಟ್ಟೆಯಡಿ ಸೇರಿದವು. ಎಲ್ಲ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಆ ಹುಡುಗಿಗೆ ಅಂದು ಸಿಕ್ಕ ತರಬಿಯತ್ ಯಾವ ಪಠ್ಯಪುಸ್ತಕದಲ್ಲೂ ಸಿಗುವಂಥದ್ದಲ್ಲ ಎಂದು ನಾನು ಭಾವಿಸುತ್ತೇನೆ.

ದಯೆಯ ವಿಷಯ ಬಂದಾಗಲೆಲ್ಲ ನಾವು ಬಾಯಾರಿದ ನಾಯಿಗೆ ನೀರುಣಿಸಿದವರ ಘಟನೆಯನ್ನು ಹೇಳುತ್ತೇವೆ. ಅದು ಕೊಡುವ ದಯೆ. ಆದರೆ ಪ್ರವಾದಿ ಮುಹಮ್ಮದ್(ಸ)ರ ಬದುಕಿನಲ್ಲಿ ಇನ್ನೊಂದು ಬಗೆಯ ದಯೆಯೂ ಇದೆ, ಅದರ ಬಗ್ಗೆ ನಮ್ಮ ಪ್ರವಚನಗಳಲ್ಲಿ ಕಡಿಮೆ ಕೇಳಿಬರುತ್ತದೆ. ಅಬೂದಾವೂದ್ ಸಂಗ್ರಹದಲ್ಲಿ ಅಬ್ದುಲ್ಲಾ ಬಿನ್ ಮಸ್‌ಊದ್(ರ)ರು ವರದಿ ಮಾಡಿರುವ ಪ್ರಯಾಣದ ಪ್ರಸಂಗವನ್ನು ನೋಡಿ. ಸಹಾಬಿಗಳು ಒಂದು ಸಣ್ಣ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿ ಹಕ್ಕಿ ಬಂದು ರೆಕ್ಕೆ ಬಿಚ್ಚಿ ಬಡಿಯತೊಡಗಿತು. ಪ್ರವಾದಿಯವರು(ಸ) ಮರಳಿ ಬಂದಾಗ, ಈ ಹಕ್ಕಿಯನ್ನು ಅದರ ಮರಿಗಳ ವಿಷಯದಲ್ಲಿ ಸಂಕಟಕ್ಕೀಡು ಮಾಡಿದವರಾರೆಂದು ಕೇಳಿ, ಮರಿಗಳನ್ನು ತಾಯಿಗೆ ಹಿಂತಿರುಗಿಸಲು ಆಜ್ಞಾಪಿಸಿದರು. ಗಮನಿಸಬೇಕು, ಮರಿಗಳಿಗೆ ಕಾಳು ಹಾಕಿರೆಂದು ಹೇಳಲಿಲ್ಲ, ಚೆನ್ನಾಗಿ ಸಾಕಿರೆಂದು ಹೇಳಲಿಲ್ಲ. ಎತ್ತಿಕೊಂಡವರ ಮನಸ್ಸಿನಲ್ಲಿ ಕ್ರೌರ್ಯವಿತ್ತೆಂದೂ ವರದಿಯಲ್ಲಿಲ್ಲ. ತಾಯಿಯ ಹಕ್ಕು ಅಲ್ಲಿ ಮುಖ್ಯವಾಯಿತು. ಮೊಲದ ತಾಯಿ ನಮ್ಮ ತಲೆಯ ಮೇಲೆ ರೆಕ್ಕೆ ಬಡಿಯುವುದಿಲ್ಲ. ಕತ್ತಲಲ್ಲಿ ಬಂದು, ಖಾಲಿ ತಗ್ಗನ್ನು ಮೂಸಿ ಹೋಗುತ್ತದೆ. ಅದರ ದೂರು ನಮಗೆ ಕೇಳಿಸುವುದಿಲ್ಲ, ಅಷ್ಟೇ.

ಬೆಕ್ಕನ್ನು ಕೂಡಿಹಾಕಿ ಕೊಂದ ಸ್ತ್ರೀಯ ಹದೀಸ್ ಎಲ್ಲರಿಗೂ ಗೊತ್ತು. ಆಕೆಯ ಅಪರಾಧವನ್ನು ವಿವರಿಸುವಾಗ ಎರಡು ದಾರಿಗಳ ಪ್ರಸ್ತಾಪ ಬರುತ್ತದೆ: ಆಕೆ ಅದಕ್ಕೆ ಆಹಾರವನ್ನೂ ಕೊಡಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಮೊಲದ ಮರಿಯ ವಿಷಯದಲ್ಲಿ ಮೊದಲ ದಾರಿ ನಮಗೆ ಮುಚ್ಚಿದೆ. ಹಸುವಿನ ಹಾಲು ಅದರ ಹೊಟ್ಟೆಗೆ ಒಗ್ಗುವುದಿಲ್ಲ, ಭೇದಿಯಾಗಿ ಸಾಯುತ್ತದೆ. ಹಾಲು ಮೂಗಿಗೆ ಹೋಗಿ ಉಸಿರುಕಟ್ಟುವುದೂ ಉಂಟು. ಏನೂ ಕುಡಿಸದಿದ್ದರೂ ಕೈಯಿಂದ ಕೈಗೆ ಹೋಗುವ ಭಯದಲ್ಲೇ ಅದರ ಪುಟ್ಟ ಹೃದಯ ಸೋಲಬಹುದು. ಉಳಿಯುವುದು ಎರಡನೆಯ ದಾರಿ ಮಾತ್ರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. "ಮೊಲ ಹಲಾಲ್ ಅಲ್ಲವೇ? ದೊಡ್ಡದಾಗುವವರೆಗೆ ಸಾಕಿ ಝಬಹ್ ಮಾಡಿದರೆ ತಪ್ಪೇನು?" ಎಂದು ಕೇಳುವವರು ನಮ್ಮಲ್ಲಿದ್ದಾರೆ. ಮೊಲದ ಮಾಂಸ ಹಲಾಲ್ ಎಂಬುದರಲ್ಲಿ ಅಹ್ಲುಸ್ಸುನ್ನತ್‌ನ ನಾಲ್ಕೂ ಮದ್‌ಹಬ್‌ಗಳಿಗೆ ಭಿನ್ನಾಭಿಪ್ರಾಯವಿಲ್ಲ. ಮಕ್ಕಾದ ಸಮೀಪದ ಮರ್ರುಝ್ಝಹ್ರಾನ್ ಎಂಬಲ್ಲಿ ಜನರು ಮೊಲವೊಂದನ್ನು ಅಟ್ಟಿ ದಣಿದಾಗ ಅನಸ್(ರ)ರು ಅದನ್ನು ಹಿಡಿದರು, ಅಬೂ ತಲ್ಹಾ(ರ)ರು ಝಬಹ್ ಮಾಡಿ ಅದರ ತೊಡೆಯ ಭಾಗವನ್ನು ಪ್ರವಾದಿಯವರಿಗೆ(ಸ) ಕಳುಹಿಸಿದರು, ಅವರು ಅದನ್ನು ಸ್ವೀಕರಿಸಿದರು ಎಂದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಆದರೆ ಒಂದು ಆಹಾರ ಹಲಾಲ್ ಎಂಬ ಮಾತ್ರಕ್ಕೆ ಅದನ್ನು ಪಡೆಯುವ ಪ್ರತಿಯೊಂದು ಮಾರ್ಗವೂ ಹಲಾಲ್ ಆಗುವುದಿಲ್ಲ. ಕದ್ದ ಕುರಿಯ ಉದಾಹರಣೆ ಸಾಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಬೇಟೆಯಾಡುವುದೂ ಹಿಡಿದಿಟ್ಟುಕೊಳ್ಳುವುದೂ ದಂಡ ಮತ್ತು ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಮರಿಯನ್ನು ಎತ್ತಿ ಗೂಡಿನಲ್ಲಿ ಸಾಕುವುದೂ ಅದರಲ್ಲಿ ಸೇರುತ್ತದೆ. ಯಾವ ಆದೇಶವು ಪಾಪವನ್ನು ಮಾಡೆಂದು ಹೇಳುವುದಿಲ್ಲವೋ, ಸಾರ್ವಜನಿಕ ಹಿತಕ್ಕಾಗಿ ಇದೆಯೋ, ಅಂತಹ ಕಾನೂನಿಗೆ ವಿಧೇಯರಾಗಿರುವುದು ನಾವು ಈ ನಾಡಿನೊಂದಿಗೆ ಮಾಡಿಕೊಂಡ ಒಪ್ಪಂದದ ಭಾಗ. ತಿನ್ನಬೇಕೆಂಬ ಆಸೆಯಿದ್ದರೆ ಸಾಕಿದ ಮೊಲಗಳ ಫಾರ್ಮುಗಳಿವೆ, ಅದರಲ್ಲಿ ಯಾವ ಅಡ್ಡಿಯೂ ಇಲ್ಲ. "ಹಲಾಲ್" ಎಂಬ ಪವಿತ್ರ ಪದವನ್ನು ನಮ್ಮ ನಾಲಗೆಯ ಚಪಲಕ್ಕೆ ವಕೀಲನನ್ನಾಗಿ ನೇಮಿಸುವುದು ನನಗಂತೂ ಬೇಸರ ತರುವ ಸಂಗತಿ.

ನಮ್ಮ ವಿದ್ವತ್ ಪರಂಪರೆ ಈ ವಿಷಯದಲ್ಲಿ ಬಡವಾಗಿಲ್ಲ. ಒಂಬತ್ತನೇ ಶತಮಾನದ ಬಸ್ರಾದಲ್ಲಿ ಅಲ್ ಜಾಹಿಝ್ ಪ್ರಾಣಿಗಳ ಬಗ್ಗೆಯೇ ಹಲವು ಸಂಪುಟಗಳ ಗ್ರಂಥ ಬರೆದರು. 1262ರಲ್ಲಿ ನಿಧನರಾದ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್‌ರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಎಣಿಸುತ್ತಾ, ಮರಿಗಳನ್ನು ಅವುಗಳ ತಾಯಿಯ ಕಣ್ಣೆದುರು ಕೊಯ್ಯಬಾರದೆಂಬುದನ್ನೂ ಸೇರಿಸಿದರು. ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 38ನೇ ವಚನವು ಭೂಮಿಯ ಮೇಲೆ ನಡೆಯುವ ಜೀವಿಗಳನ್ನೂ ರೆಕ್ಕೆಗಳಲ್ಲಿ ಹಾರುವ ಹಕ್ಕಿಗಳನ್ನೂ ನಮ್ಮಂತಹ ಸಮುದಾಯಗಳೆಂದು ಕರೆಯುತ್ತದೆ. ಸಮುದಾಯವೆಂದರೆ ಅದಕ್ಕೆ ತನ್ನದೇ ಆದ ರೀತಿ ರಿವಾಜುಗಳಿರುತ್ತವೆ. ಮಗುವನ್ನು ಹಗಲಿಡೀ ಒಂಟಿಯಾಗಿ ಬಿಡುವುದು ನಮ್ಮ ರಿವಾಜಲ್ಲ. ಮೊಲದ ಸಮುದಾಯದಲ್ಲಿ ಅದೇ ಮಾತೃತ್ವ.

ಎತ್ತಿಕೊಂಡು ಹೋಗುವವರಿಗಿಂತ ದೊಡ್ಡ ಅಪಾಯ ಬೇರೆಯೇ ಇದೆ. ಹಾವಿನ ಭಯ, ಸೊಳ್ಳೆಯ ಕಾಟ ಎಂದು ಖಾಲಿ ಸೈಟನ್ನು ಸ್ವಚ್ಛ ಮಾಡಿಸುವಾಗ ಜೆಸಿಬಿ ನೇರವಾಗಿ ಪೊದೆಗೆ ನುಗ್ಗುತ್ತದೆ, ಬೇಸಿಗೆಯಲ್ಲಾದರೆ ಒಣಹುಲ್ಲಿಗೆ ಕಡ್ಡಿ ಗೀರುತ್ತಾರೆ. ಶಬ್ದ ಕೇಳಿ ದೊಡ್ಡ ಮೊಲ ಓಡುತ್ತದೆ. ಮರಿ ಓಡುವುದಿಲ್ಲ. ಅಲುಗಾಡದಿದ್ದರೆ ಬದುಕುತ್ತೇನೆ ಎಂಬುದೇ ಅದಕ್ಕೆ ಕಲಿಸಿರುವ ಪಾಠ, ಬೆಂಕಿಯ ಮುಂದೆಯೂ ಅದು ಅದೇ ಪಾಠವನ್ನು ಪಾಲಿಸುತ್ತದೆ. ಮೇಲೆ ಹೇಳಿದ ಹಕ್ಕಿಯ ಹದೀಸಿನ ಮುಂದುವರಿದ ಭಾಗ ಹೆಚ್ಚಿನವರಿಗೆ ತಿಳಿದಿಲ್ಲ. ಅದೇ ಪ್ರಯಾಣದಲ್ಲಿ ಸಹಾಬಿಗಳು ಒಂದು ಇರುವೆ ಗೂಡನ್ನು ಸುಟ್ಟುಹಾಕಿದ್ದರು. ಅದನ್ನು ಕಂಡ ಪ್ರವಾದಿಯವರು(ಸ), ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನ ಹೊರತು ಇನ್ನಾರಿಗೂ ಸಲ್ಲದೆಂದು ತಿಳಿಸಿದರು. ಇರುವೆಗಳ ಮಾತೇ ಹೀಗಿರುವಾಗ, ಕಸಕ್ಕೆ ಬೆಂಕಿ ಹಚ್ಚುವ ನಮ್ಮ ಅಭ್ಯಾಸದ ಬಗ್ಗೆ ಜುಮುಅ ಖುತ್ಬಾದಲ್ಲಿ ಎರಡು ಮಾತು ಬಂದರೆ ಅತಿಯಾಗಲಾರದು. ಸೈಟು ಸ್ವಚ್ಛವಾಗಲಿ, ಬೇಡವೆಂದವರಾರು? ಕೆಲಸಕ್ಕೆ ಮೊದಲು ಒಬ್ಬರು ಕೋಲು ಹಿಡಿದು ಹುಲ್ಲನ್ನು ಸರಿಸುತ್ತಾ ನಿಧಾನವಾಗಿ ಒಂದು ಸುತ್ತು ನಡೆಯಲಿ. ಮರಿ ಕಂಡರೆ ಆ ಮೂಲೆಯನ್ನು ಕೆಲವು ವಾರ ಬಿಡಲಿ. ಅಷ್ಟರಲ್ಲಿ ಅವು ಹುಲ್ಲು ಮೇಯಲು ಕಲಿತು ತಮ್ಮ ದಾರಿ ಹಿಡಿದಿರುತ್ತವೆ.

ಮಕ್ಕಳು ಈಗಾಗಲೇ ಎತ್ತಿಕೊಂಡು ಬಂದಿದ್ದರೆ ಗಾಬರಿ ಬೇಡ, ಅವರನ್ನು ಗದರುವುದೂ ಬೇಡ. ಮನುಷ್ಯರ ಕೈ ತಾಗಿದ ಮಾತ್ರಕ್ಕೆ ತಾಯಿ ಮರಿಯನ್ನು ತೊರೆಯುತ್ತದೆಂಬ ಮಾತನ್ನು ನಂಬಿ ಮರಿಯನ್ನು ಒಳಗೇ ಇಟ್ಟುಕೊಳ್ಳಬಾರದು. ಸಿಕ್ಕ ಜಾಗದಲ್ಲೇ, ಅದೇ ಹುಲ್ಲಿನ ತಗ್ಗಿನಲ್ಲಿ, ಮಗ್ರಿಬ್‌ಗೆ ಮೊದಲು ಇಟ್ಟು ದೂರ ಸರಿಯಬೇಕು. ಮನೆಯಲ್ಲಿ ಬೆಕ್ಕಿದ್ದರೆ ಆ ರಾತ್ರಿಗಳಲ್ಲಿ ಅದನ್ನು ಒಳಗಿರಿಸಬೇಕು. ಬೀದಿ ನಾಯಿಗಳು ಬರುವ ಗೇಟನ್ನು ಮುಚ್ಚುವಾಗ ಒಂದು ಮಾತು ನೆನಪಿರಲಿ, ತಾಯಿ ಮೊಲ ಬರುವ ಸಂದನ್ನೂ ಸೇರಿಸಿ ಮುಚ್ಚಿಬಿಟ್ಟರೆ ಎಲ್ಲ ಕಾಳಜಿಯೂ ವ್ಯರ್ಥ.

ಮರಿಯ ಮೈಮೇಲೆ ಗಾಯವಿದ್ದರೆ, ಇರುವೆ ಮುತ್ತಿದ್ದರೆ, ಬೆಕ್ಕು ಕಚ್ಚಿದ್ದರೆ, ಅಥವಾ ತಾಯಿ ಸತ್ತು ಬಿದ್ದಿರುವುದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ನಾವು ಕೈಹಾಕಬೇಕಾದ ಸಂದರ್ಭ. ಬೆಕ್ಕಿನ ಹಲ್ಲಿನ ಗಾಯ ಸೂಜಿಮೊನೆಯಷ್ಟಿದ್ದರೂ ನಂಜೇರುತ್ತದೆ, ಅದಕ್ಕೆ ಅರಿಶಿನ ಹಚ್ಚಿ ಕಾಯುತ್ತಾ ಕೂರಬಾರದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ, ಕತ್ತಲೆಯ ಮೌನವಾದ ಕೋಣೆಯಲ್ಲಿಟ್ಟು, ಹಾಲು ನೀರು ಯಾವುದನ್ನೂ ಬಾಯಿಗೆ ಸುರಿಯದೆ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಬೇಕು. ಸಮೀಪದ ಪಶು ವೈದ್ಯರಿಗೂ ತಿಳಿಸಬಹುದು. ಸಿಬ್ಬಂದಿ ಬರುವವರೆಗೆ ಮಕ್ಕಳು ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮತ್ತೆ ತೆರೆಯದಂತೆ ನೋಡಿಕೊಳ್ಳುವುದೇ ಹಿರಿಯರಿಗೆ ಆಗ ಉಳಿಯುವ ಕೆಲಸ, ಮತ್ತು ಅದು ಸುಲಭದ ಕೆಲಸವೇನಲ್ಲ.