ಶಾಲೆಯ ಕ್ಯಾಮೆರಾ: ಕಾವಲೋ, ಕನ್ನಡಿಯೋ?

ಇಳಕಲ್ಲಿನ ಮಗ್ಗದ ಮುಂದೆ ಕುಳಿತ ನೇಕಾರನಿಗೆ ಎಳೆ ಕಡಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ; ಅಲ್ಲಿಯೇ ಗಂಟು ಹಾಕಿ ನೇಯ್ಗೆಯನ್ನು ಮುಂದುವರಿಸುತ್ತಾನೆ. ಶಾಲೆಯ ಅಂಗಳದಲ್ಲಿ ಆಡುವ ಮಗುವಿಗೆ ಆ ಅನುಕೂಲವಿಲ್ಲ. ತಾನು ತಳ್ಳಿದಾಗ ಗೆಳೆಯನ ಮುಖ ಹೇಗೆ ಬಾಡಿತು, ಚೆಂಡು ಕೊಟ್ಟಾಗ ಹೇಗೆ ಅರಳಿತು ಎಂಬುದು ಆಟದ ಭರದಲ್ಲಿ ಅದಕ್ಕೆ ಕಾಣುವುದಿಲ್ಲ. ಸಹಪಾಠಿಗಳೊಡನೆ ಕೂಡಿ ಬಾಳುವ ಪಾಠ ಬರಿಯ ಉಪದೇಶದಿಂದ ನಾಟದಿರುವುದಕ್ಕೆ ಇದೂ ಒಂದು ಕಾರಣ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ವಿಚಾರಕ್ಕೆ ವಿಶೇಷ ತೂಕವಿದೆ. ಬಾದಾಮಿ, ಹುನಗುಂದ ಭಾಗದ ಒಣಬೇಸಾಯದ ಹಳ್ಳಿಗಳಿಂದ ಗೋವೆಗೂ ಮಂಗಳೂರಿನ ಕಡೆಗೂ ಗುಳೆ ಹೋಗುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ತರಗತಿಗೆ ಮರಳುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರು ಬಾಗಲಕೋಟೆಯ ನವನಗರದಲ್ಲಿ ಹೊಸ ನೆರೆಹೊರೆಯನ್ನೇ ಕಟ್ಟಿಕೊಳ್ಳಬೇಕಾಯಿತು. ಹೊಸದಾಗಿ ಬಂದ ಮಗುವನ್ನು ಲಗೋರಿ ಆಟಕ್ಕೆ ಸೇರಿಸಿಕೊಳ್ಳುವವರಿಲ್ಲದಿದ್ದರೆ ಅದರ ಪಾಲಿಗೆ ಶಾಲೆಯೇ ಪರಸ್ಥಳ. ಓದಿನ ಹಿನ್ನಡೆ ಅಂಕಪಟ್ಟಿಯಲ್ಲಿ ಕಾಣುತ್ತದೆ. ಒಂಟಿತನ ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಪರದೆಯ ಮೂಲಕ ಕಲಿಸುವ ಯತ್ನ ಈ ನೆಲಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಬಂದಿತು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು; ಬಾಗಲಕೋಟೆ ಆಗ ಬಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಬೆಳಗಿನ ಕಾರ್ಯಕ್ರಮಗಳು ಶಾಲಾಮಕ್ಕಳಿಗೆ ಮೀಸಲಾಗಿದ್ದವು. ಅಂದು ಪರದೆ ಮಗುವಿಗೆ ಲೋಕವನ್ನು ತೋರಿಸಿತು. ಇಂದು ಮಗುವಿಗೆ ತನ್ನನ್ನೇ ತೋರಿಸಬಲ್ಲ ಸಾಧನ ಶಿಕ್ಷಕರ ಕಿಸೆಯಲ್ಲಿರುವ ಮೊಬೈಲ್.

ಆದರೆ ಏನನ್ನು ತೋರಿಸಬೇಕೆಂಬುದರಲ್ಲಿಯೇ ಎಲ್ಲವೂ ಅಡಗಿದೆ. 1970ರಲ್ಲಿ ಅಮೆರಿಕದ ಥಾಮಸ್ ಕ್ರೀರ್ ಮತ್ತು ಡೊನಾಲ್ಡ್ ಮಿಕ್ಲಿಚ್ ಎಂಬ ಮನಶ್ಶಾಸ್ತ್ರಜ್ಞರು ಆಸ್ತಮಾ ಚಿಕಿತ್ಸೆಗಾಗಿ ಕೇಂದ್ರವೊಂದರಲ್ಲಿದ್ದ ಬಾಲಕನ ನಡತೆಯ ಬಗ್ಗೆ ಪ್ರಯೋಗವೊಂದನ್ನು ವರದಿ ಮಾಡಿದರು. ತಾನೇ ಸರಿಯಾಗಿ ನಡೆದುಕೊಂಡ ದೃಶ್ಯಗಳನ್ನು ಕಂಡಾಗ ಅವನ ನಡತೆ ಸುಧಾರಿಸಿತು. ತಪ್ಪು ನಡತೆಯ ದೃಶ್ಯಗಳನ್ನು ತೋರಿಸಿದಾಗ ಆ ಸುಧಾರಣೆ ಹಿಂದೆ ಸರಿಯಿತು. ಒಬ್ಬ ಬಾಲಕನಿಂದ ಎಲ್ಲರ ವಿಷಯ ತೀರ್ಮಾನಿಸಲಾಗದು, ನಿಜ. ಆದರೆ ಆಟಿಸಂ ಇರುವ ಮಕ್ಕಳಿಗೆ ವಿಡಿಯೋ ಮಾದರಿಗಳನ್ನು ಬಳಸಿದ 23 ಅಧ್ಯಯನಗಳನ್ನು ಬೆಲ್ಲಿನಿ ಮತ್ತು ಅಕುಲಿಯನ್ 2007ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗಲೂ ಈ ವಿಧಾನ ಫಲಕಾರಿಯೆಂದೇ ಕಂಡುಬಂದಿತು.

ಆದುದರಿಂದ ಜಗಳದ ದೃಶ್ಯವನ್ನು ಹಿಡಿದಿಟ್ಟು, “ನೋಡು, ನೀನು ಎಂಥವನು!” ಎಂದು ಮಗುವನ್ನು ನಾಚಿಸುವುದು ಶಿಕ್ಷಣವಲ್ಲ. ಗುಂಪಿನ ಆಟವನ್ನು ಹತ್ತು ನಿಮಿಷ ಚಿತ್ರೀಕರಿಸಿ, ಅದರಲ್ಲಿ ಮಗು ತನ್ನ ಸರದಿಗಾಗಿ ಕಾದ ಅಥವಾ ಹೊಸಬನನ್ನು ಕೈಹಿಡಿದು ಕರೆತಂದ ಒಂದೆರಡು ನಿಮಿಷಗಳನ್ನು ಮಾತ್ರ ಆರಿಸಬೇಕು. ಅಂಥ ಕ್ಷಣ ದೊರೆಯದಿದ್ದರೆ, ಸಣ್ಣ ನಾಟಕದಂತೆ ಮಕ್ಕಳಿಂದ ಆಡಿಸಿ ಚಿತ್ರಿಸಬಹುದು. ಅನಂತರ ಮಗುವನ್ನು ಏಕಾಂತದಲ್ಲಿ ಕೂರಿಸಿಕೊಂಡು ತೋರಿಸಿ, “ಆಗ ಅವನ ಮುಖ ಹೇಗಿತ್ತು?” ಎಂದು ಕೇಳಬೇಕು. ಉತ್ತರ ಮಗುವಿನದೇ ಆಗಿರಬೇಕು. ಕೆಲವು ದಿನ ಇದೇ ಕ್ರಮ ನಡೆಯಬೇಕು.

ಆಕ್ಷೇಪಗಳೂ ಅಲ್ಲಗಳೆಯುವಂಥವಲ್ಲ. ಒಮ್ಮೆ ಕೈಬಿಟ್ಟ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಊರೂರು ಸುತ್ತೀತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ಕಾಯ್ದೆಯ ಮಾತಿರಲಿ, ಮಗುವಿನ ಮಾನ ಅದಕ್ಕಿಂತ ದೊಡ್ಡದು. ಪಾಲಕರ ಒಪ್ಪಿಗೆ, ಮಗುವಿನ ಸಮ್ಮತಿ, ಕೆಲಸ ಮುಗಿದೊಡನೆ ಚಿತ್ರವನ್ನು ಅಳಿಸುವ ಶಿಸ್ತು, ಈ ಮೂರೂ ಇಲ್ಲದ ಶಾಲೆ ಈ ಕಾರ್ಯಕ್ಕೆ ಕೈಹಾಕದಿರುವುದೇ ಲೇಸು.

ಗೋಡೆಗೆ ಕಾವಲು ಕ್ಯಾಮೆರಾ ಕೊಡಿಸುವ ದಾನಿಗಳ ಕಾಳಜಿ ಮೆಚ್ಚತಕ್ಕದ್ದೇ. ಅದು ತಪ್ಪಿತಸ್ಥನನ್ನು ಹಿಡಿದುಕೊಟ್ಟೀತು. ಒಂಟಿ ಮಗುವಿಗೆ ಗೆಳೆಯನನ್ನು ತಂದುಕೊಡಲಾರದು. ಅದಕ್ಕೆ ಬೇಕಾದುದು ಒಂದು ನಿಶ್ಶಬ್ದವಾದ ಕೋಣೆ, ತರಬೇತಿ ಪಡೆದ ಒಬ್ಬ ಶಿಕ್ಷಕ, ಅವರಿಗೆ ವಾರದಲ್ಲಿ ಕೆಲವು ಗಂಟೆಗಳ ಬಿಡುವು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇಷ್ಟನ್ನು ಒದಗಿಸಿಕೊಟ್ಟರೆ, ಗುಳೆಯಿಂದ ಮರಳಿದ ಮಗು ಅಂಗಳದ ಅಂಚಿನಲ್ಲಿ ನಿಂತು ನೋಡುವುದು ತಪ್ಪೀತು.