ಹಣ್ಣಿನ ಪೆಟ್ಟಿಗೆಯೂ ಅದೃಷ್ಟದ ಮಾತೂ

ಮಧ್ಯಾಹ್ನದ ಬುತ್ತಿ ಬಿಚ್ಚಿದೊಡನೆ ನಮ್ಮ ತರಗತಿ ಎರಡು ಪಕ್ಷವಾಗುತ್ತದೆ. ‘ಸುಯಿಕಾ’ ಎಂಬ ಜಪಾನೀ ವಿಡಿಯೋ ಆಟದಲ್ಲಿ ಸೋಲುವುದು ದುರದೃಷ್ಟದಿಂದಲೋ, ಆಡುವವನ ತಪ್ಪಿನಿಂದಲೋ ಎಂಬುದೇ ವಿವಾದದ ವಿಷಯ.

ಆಟವನ್ನರಿಯದ ವಾಚಕರಿಗಾಗಿ ಎರಡು ಮಾತು. ಸುಯಿಕಾ ಎಂದರೆ ಕಲ್ಲಂಗಡಿ. ೨೦೨೧ರ ಆರಂಭದಲ್ಲಿ ಚೀನದಲ್ಲಿ ಹಬ್ಬಿದ್ದ ಇಂಥದೇ ಆಟವೊಂದರ ಜಾಡು ಹಿಡಿದು, ಜಪಾನಿನ ಪ್ರೊಜೆಕ್ಟರ್ ಸಂಸ್ಥೆಯೊಂದು ತನ್ನ ಯಂತ್ರಕ್ಕೆಂದು ಇದನ್ನು ರಚಿಸಿತು. ಅದೇ ಡಿಸೆಂಬರಿನಲ್ಲಿ ಅದು ನಿಂಟೆಂಡೊ ಸ್ವಿಚ್‌ಗೆ ಬಂದಿತಾದರೂ ಲೋಕಪ್ರಿಯವಾದುದು ೨೦೨೩ರಲ್ಲಿ. ನಮ್ಮಲ್ಲಿ ಬಹುಮಂದಿ ಆಡುವುದು ಮನೆಯವರ ಮೊಬೈಲಿನಲ್ಲಿ, ಅದರ ಅನುಕರಣೆಗಳನ್ನು. ಪೆಟ್ಟಿಗೆಯೊಳಕ್ಕೆ ಹಣ್ಣುಗಳನ್ನು ಒಂದೊಂದಾಗಿ ಬೀಳಿಸಿ ಪೇರಿಸಬೇಕು. ಒಂದೇ ಜಾತಿಯ ಎರಡು ಸೋಂಕಿದರೆ ಕೂಡಿಕೊಂಡು ಮುಂದಿನ ದೊಡ್ಡ ಹಣ್ಣಾಗುವುವು. ಚೆರ್ರಿ ಮೊದಲನೆಯದು, ಕಲ್ಲಂಗಡಿ ೧೧ನೆಯದು. ರಾಶಿ ಪೆಟ್ಟಿಗೆಯ ಅಂಚನ್ನು ಮೀರಿತೋ, ಆಟ ಮುಗಿಯಿತು. ಬರಿಯ ಚೆರ್ರಿಗಳಿಂದಲೇ ಒಂದು ಕಲ್ಲಂಗಡಿಯಾಗಬೇಕಾದರೆ ೧೦೨೪ ಚೆರ್ರಿ ಬೇಕು! ಈ ಲೆಕ್ಕದಿಂದ ನಮ್ಮಲ್ಲಿ ಕೆಲವರಿಗೆ ಘಾತಸಂಖ್ಯೆಯ ಪಾಠ ತಲೆಗೆ ಹತ್ತಿತೆಂದರೆ ಉಪಾಧ್ಯಾಯರು ನಂಬಲಾರರು.

ಅದೃಷ್ಟಪಕ್ಷದವರ ವಾದ ಹೀಗಿದೆ: ಯಾವ ಹಣ್ಣು ಬರಬೇಕೆಂಬುದು ನಮ್ಮ ಕೈಯಲ್ಲಿಲ್ಲ, ಬಂದ ಹಣ್ಣಾದರೂ ಇಟ್ಟಲ್ಲಿ ನಿಲ್ಲದೆ ಉರುಳುವುದು. ಇದು ಸುಳ್ಳಲ್ಲ. ಆದರೆ ಮೇಲಿನಿಂದ ಬರುವುವು ಚಿಕ್ಕ ೫ ಜಾತಿಗಳು ಮಾತ್ರ. ಮುಂದೆ ಬರಲಿರುವ ಹಣ್ಣನ್ನು ಪಕ್ಕದಲ್ಲಿಯೇ ತೋರಿಸುತ್ತಾರೆ. ಗಡಿಯಾರದ ಅವಸರವೂ ಇಲ್ಲ. ಒಂದು ಹಣ್ಣನ್ನು ಕೈಯಲ್ಲಿ ಹಿಡಿದು ಬೇಕಾದಷ್ಟು ಹೊತ್ತು ಯೋಚಿಸಬಹುದು. ಇಷ್ಟೆಲ್ಲ ಅನುಕೂಲವಿದ್ದೂ ನಾವು ಮಾಡುವುದೇನು? ಬೇಡವಾದ ಚೆರ್ರಿಯನ್ನು ಮೂಲೆಗೆಸೆದು ಮರೆಯುತ್ತೇವೆ. ಅದರ ಮೇಲೆ ಅನಾನಸು, ಕರಬೂಜ ಬಂದು ಕೂರುವುವು. ಅಡಿಯಲ್ಲಿ ಸಿಕ್ಕಿದ ಆ ಚೆರ್ರಿಗೆ ಜೊತೆ ಸಿಗುವುದೆಂತು? ಮುಂದೆಷ್ಟೋ ಸರದಿಗಳಾದ ಮೇಲೆ ರಾಶಿ ತುಳುಕಿದಾಗ, ಕೊನೆಗೆ ಬಿದ್ದ ಪಾಪದ ದ್ರಾಕ್ಷಿಯನ್ನು ಬಯ್ಯುತ್ತೇವೆ. ನಾವೂ ಬಯ್ದವರೇ.

ಆದುದರಿಂದ ಸೋಲಿನಲ್ಲಿ ಹೆಚ್ಚಿನ ಪಾಲು ನಮ್ಮದೇ ಎಂದು ನಮ್ಮ ಅಭಿಪ್ರಾಯ.

ಎದುರುಪಕ್ಷದ ಇನ್ನೊಂದು ದೂರನ್ನು ಮಾತ್ರ ನಾವು ಒಪ್ಪಿಕೊಳ್ಳಲೇಬೇಕು. ಗಡಿಯಾರವಿಲ್ಲದ ಆಟವೆಂದು ನಾವು ಹೊಗಳಿದೆವಷ್ಟೆ? ಮನೆಯ ಗೋಡೆಯ ಗಡಿಯಾರವೂ ಆಗ ಕಾಣಿಸದು. ಪರೀಕ್ಷೆಯ ಹಿಂದಿನ ರಾತ್ರಿ ನಮ್ಮಲ್ಲೊಬ್ಬನು ಒಂಬತ್ತು ಗಂಟೆಗೆ ‘ಒಂದೇ ಆಟ’ವೆಂದು ಕುಳಿತು, ಹನ್ನೊಂದು ದಾಟಿದ ಮೇಲೆ ಎದ್ದನು. ಆಡಿದ್ದು ನಿಜವಾಗಿಯೂ ಒಂದೇ ಆಟವಲ್ಲ. ಆರನೆಯದನ್ನು ಅರ್ಧಕ್ಕೆ ನಿಲ್ಲಿಸಿದುದು ಫೋನು ಆರಿಹೋದುದರಿಂದ. ಬೆಳಗಿನ ಐದೂವರೆಗೆ ಅದೇ ಫೋನಿನ ಅಲಾರಮ್ಮನ್ನು ನಂಬಿ ಕೆಲಸಕ್ಕೆ ಹೊರಡುವ ಅವನ ತಂದೆಯವರಿಗೆ ಅಂದು ಲೋಕಲ್ ಗಾಡಿ ತಪ್ಪಿತು. ಇದನ್ನು ಅದೃಷ್ಟವೆನ್ನಲು ಅವನಿಗೂ ಬಾಯಿ ಬರಲಿಲ್ಲ. ಈಗ ಅವನು ರಾತ್ರಿ ಊಟವಾದೊಡನೆ ಫೋನನ್ನು ತಂದೆಯವರ ತಲೆದಿಂಬಿನ ಬಳಿ ಇಟ್ಟುಬಿಡುತ್ತಾನೆ.

ಅದೃಷ್ಟಪಕ್ಷದ ಮುಖಂಡನು ಮೊನ್ನೆ ಒಂದೇ ಆಟದಲ್ಲಿ ಎರಡು ಕಲ್ಲಂಗಡಿ ಮಾಡಿದನು. ಅದು ಮಾತ್ರ ಕೇವಲ ತನ್ನ ಜಾಣ್ಮೆಯ ಫಲವೆಂದು ಎಲ್ಲರೊಡನೆಯೂ ಹೇಳಿಕೊಂಡು ತಿರುಗುತ್ತಿದ್ದಾನೆ.