ಅವ್ವನಿಗೆ ಸಿಕ್ಕಿದ ಕುರ್ಚಿ

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ ಅನ್ನೋ ಮಾತು ನಿಮಗೂ ಗೊತ್ತಿರುತ್ತೆ. ನಾನು ಚಿಕ್ಕವನಿದ್ದಾಗ ದೊಡ್ಡವರು ಇದನ್ನ ಲೆಕ್ಕದ ಸೂತ್ರದ ಥರ ಹೇಳೋರು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು, 2013ರಿಂದ 2018ರವರೆಗೆ ಪೂರ್ತಿ ಅವಧಿ ಮುಗಿಸಿದ ಮೇಲೆ ಆ ಸೂತ್ರ ಸ್ವಲ್ಪ ಸಡಿಲವಾಯ್ತು. ಪೂರ್ತಿ ಹೋಗಿಲ್ಲ. ನಂಬೋರು, ನಂಬದೋರು ಒಂದೇ ಟೀ ಅಂಗಡಿಯಲ್ಲಿ ಕೂತು ಜಗಳ ಆಡೋದು ನಮ್ಮೂರಿಗೆ ಹೊಸದೇನಲ್ಲ.

ಕಳೆದ ತಿಂಗಳು ಆ ಜಗಳ ನನ್ನ ಕಾರಿನಲ್ಲಿ ನಡೀತು. ಗುಂಡ್ಲುಪೇಟೆಯಲ್ಲಿ ಕಾಲೇಜಿನ ಗೆಳೆಯನ ಮದುವೆ, ಭಾನುವಾರ, ಮುಹೂರ್ತ ಹನ್ನೆರಡೂಕಾಲಿಗೆ. ನಗರದಿಂದ ಮುಕ್ಕಾಲು ಗಂಟೆ ದಾರಿ. ಜೊತೆಗೆ ಹಾಸ್ಟೆಲ್‌ನ ಇಬ್ಬರು ಹಳೇ ದೋಸ್ತ್‌ಗಳು. ಹಾಸ್ಟೆಲ್‌ನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರೇ ಹೆಸರು. ಒಬ್ಬ ಮಾರ್ಟಳ್ಳಿ. ಹನೂರು ತಾಲ್ಲೂಕಿನ ಆ ಕಡೆ ತಲೆಮಾರುಗಳಿಂದ ಇರುವ ತಮಿಳು ಕ್ಯಾಥೊಲಿಕ್ ಕುಟುಂಬದವನು. ಇನ್ನೊಬ್ಬನನ್ನ ಬೇಗೂರು ಅಂತ ಕರೀತೀನಿ. ಅವನ ನಿಜವಾದ ಊರು ಅದಲ್ಲ. ಯಾಕೆ ಮುಚ್ಚಿಡ್ತಿದ್ದೀನಿ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ.

ಬೇಗೂರು, 'ಹತ್ತೂವರೆವರೆಗೆ ಪ್ರಾರ್ಥನೆ ಅದೆ, ಮುಗಿಸ್ಕೊಂಡು ಬರ್ತೀನಿ' ಅಂತ ಮೆಸೇಜ್ ಹಾಕಿದ್ದ. ಮಾರ್ಟಳ್ಳಿ ಕಾರು ಹತ್ತಿದವನೇ ಶುರು ಮಾಡ್ದ. 'ನಾನು ಹನ್ನೆರಡು ವರ್ಷದಿಂದ ಭಾನುವಾರದ ಪೂಜೆ ತಪ್ಪಿಸ್ಕೊಂಡು ಓಡಾಡ್ತಿದ್ದೀನಿ. ನೀನು ಅಲಾರಂ ಇಟ್ಕೊಂಡು ಹೋಗ್ತೀಯಲ್ಲೋ!'

ಹುಟ್ಟಾ ಕ್ರೈಸ್ತನಾದವನು ದೇವರೇ ಇಲ್ಲ ಅಂತಾನೆ. ಹನುಮಂತನ ಗುಡಿ ಮುಂದೆ ಬೆಳೆದವನು ಯೇಸು ಅಂತಾನೆ. ನಡುವೆ ಸ್ಟೇರಿಂಗ್ ಹಿಡಿದ ನಾನು.

ಮಾರ್ಟಳ್ಳಿ ಹತ್ರ ಸರಕು ಜಾಸ್ತಿ. ಮೊದಲು ಬಂದದ್ದು ಮುಂಬೈ ಕಥೆ. 2012ರಲ್ಲಿ ಅಲ್ಲಿನ ಒಂದು ಚರ್ಚ್‌ನ ಶಿಲುಬೆಯಿಂದ ನೀರು ತೊಟ್ಟಿಕ್ಕೋಕೆ ಶುರುವಾಯ್ತು. ಜನ ತೀರ್ಥ ಅಂತ ಹಿಡ್ಕೊಂಡ್ರು. ವಿಚಾರವಾದಿ ಸನಲ್ ಇಡಮರುಕು ಹೋಗಿ ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡು ನೀರು ಗೋಡೆಯಲ್ಲಿ ಮೇಲಕ್ಕೆ ಏರ್ತಿದೆ, ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ, ಅಂದ್ರು. ಅವರ ಮೇಲೆ ಧಾರ್ಮಿಕ ಭಾವನೆಗೆ ಧಕ್ಕೆ ಅಂತ ದೂರುಗಳು ಬಿದ್ವು. ಅವರು ಫಿನ್‌ಲೆಂಡ್‌ಗೆ ಹೋಗಬೇಕಾಯ್ತು. 'ಚರಂಡಿ ರಿಪೇರಿ ಮಾಡೋದು ಬಿಟ್ಟು ಹೇಳ್ದೋನ ಮೇಲೆ ಕೇಸು' ಅಂತ ಮಾರ್ಟಳ್ಳಿ.

'ಸರಿಯಾಗೇ ಹೇಳವ್ರೆ' ಅಂದ ಬೇಗೂರು. ಅಷ್ಟೇ. ಪವಾಡದ ಪರವಾಗಿ ಒಂದು ಮಾತೂ ಆಡಲಿಲ್ಲ. ಮಾರ್ಟಳ್ಳಿಗೆ ನಿರಾಸೆ ಆಯ್ತು ಅನ್ಸುತ್ತೆ, ಜಗಳಕ್ಕೆ ಎದುರಾಳಿ ಬೇಕಲ್ಲ.

ಆಮೇಲೆ ತೆಗೆದ ತುರುಪಿನ ಎಲೆ ಅಬ್ಬೆ ದ್ಯುಬುವಾ. ಈ ಹೆಸರು ಕೇಳಿಲ್ಲದಿದ್ರೆ ಹೇಳ್ತೀನಿ, ಕೇಳೋ ಹಾಗಿದೆ. ಫ್ರಾನ್ಸಿನ ಪಾದ್ರಿ, 1792ರಲ್ಲಿ ಭಾರತಕ್ಕೆ ಬಂದ್ರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ಇಲ್ಲಿನ ಕ್ರೈಸ್ತರ ನಡುವೆ ಕೆಲಸ ಮಾಡಿದ್ರು. ನಮ್ಮವರ ಹಾಗೇ ಬಟ್ಟೆ ಹಾಕಿ, ನಮ್ಮವರ ಹಾಗೇ ಊಟ ಮಾಡಿ ಬದುಕಿದ್ರು. ಜನ ದೊಡ್ಡ ಸ್ವಾಮಿಯೋರು ಅಂತ ಕರೀತಿದ್ರಂತೆ. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು, ಅದನ್ನ ಈ ಭಾಗದಲ್ಲಿ ಹಬ್ಬಿಸೋಕೂ ದುಡಿದ್ರು. ಹಿಂದೂಗಳ ಆಚಾರ ವಿಚಾರದ ಬಗ್ಗೆ ಬರೆದ ಹಸ್ತಪ್ರತಿಯನ್ನ ಈಸ್ಟ್ ಇಂಡಿಯಾ ಕಂಪನಿಯೇ ದುಡ್ಡು ಕೊಟ್ಟು ಕೊಂಡುಕೊಳ್ತು.

ಇಂಥ ಮನುಷ್ಯ 1823ರಲ್ಲಿ ವಾಪಸ್ ಹೋದ. ಅದೇ ವರ್ಷ ಲಂಡನ್‌ನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಅದರಲ್ಲಿ ಬರೆದದ್ದು, ಈ ದೇಶದಲ್ಲಿ ಕ್ರೈಸ್ತ ಧರ್ಮ ಹರಡೋದು ಆಗದ ಕೆಲಸ ಅಂತ. ಪಾದ್ರಿಯೇ! ಇಂಗ್ಲೆಂಡಿನ ಮಿಷನರಿಗಳಿಗೆ ಎಷ್ಟು ಉರಿ ಹತ್ತಿತು ಅಂದ್ರೆ ಮರುವರ್ಷವೇ ಜೇಮ್ಸ್ ಹಫ್ ಅನ್ನೋರು ಉತ್ತರವಾಗಿ ಇನ್ನೊಂದು ಪುಸ್ತಕ ಬರೆದ್ರು. ಆಗ ಫೇಸ್‌ಬುಕ್ ಇರಲಿಲ್ಲ, ಪಾಪ.

'ಕೇಳು' ಅಂದ ಮಾರ್ಟಳ್ಳಿ. 'ಅಷ್ಟು ವರ್ಷ ದುಡಿದು ಎಷ್ಟು ಜನಾನ ಸೇರಿಸಿದೆ ಅಂತ ಅವ್ರೇ ಲೆಕ್ಕ ಕೊಟ್ಟವ್ರೆ. ಇನ್ನೂರು–ಮುನ್ನೂರು. ಅದ್ರಲ್ಲೂ ಮೂರರಲ್ಲಿ ಎರಡು ಭಾಗ ಹೊಲೆಯರು, ಇಲ್ಲಾ ಭಿಕ್ಷುಕರು ಅಂತ. ಅಂದ್ರೆ ನಂಬಿ ಬಂದೋರಲ್ಲ, ಹಸಿದು ಬಂದೋರು.'

ತೆರಕಣಾಂಬಿ ದಾಟ್ತಿದ್ವಿ. ಬೇಗೂರು ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡ್ತಿದ್ದ. ಆಮೇಲೆ ಕೇಳ್ದ, 'ಆ ಎರಡು ಭಾಗದವರನ್ನ ಯಾರಾರ ಕೇಳಿದ್ರಾ?'

'ಏನು?'

'ಯಾಕೆ ಬಂದ್ರಿ ಅಂತ. ದೊಡ್ಡ ಸ್ವಾಮಿಯೋರು ಬರೆದ್ರು, ಇಂಗ್ಲೆಂಡಿನೋರು ಉತ್ತರ ಬರೆದ್ರು, ಇನ್ನೂರು ವರ್ಷ ಆದ್ಮೇಲೆ ನೀನು ಓದ್ತಿದ್ದೀಯ. ನಮ್ಮೋರು ಬಂದ್ರು ಅನ್ನೋದನ್ನ ಅವ್ರು ಸೋಲು ಅಂತ ಬರ್ಕೊಂಡ್ರು, ನೀನೂ ಸೋಲು ಅಂತಾನೇ ಓದ್ತಿದ್ದೀಯ. ನಮ್ಮಜ್ಜನ ಅಜ್ಜ ಅಲ್ಲಿದ್ದಿದ್ರೆ ಅವ್ನು ಏನಂತಿದ್ನೋ.'

ನಾನು ಆ ಪುಸ್ತಕದ ಬಗ್ಗೆ ಎರಡು ಮೂರು ಲೇಖನ ಓದಿದ್ದೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಅವನ ಅವ್ವನ ವಿಷಯ ಬಂತು. ಅಪ್ಪ ತೀರಿಕೊಂಡ ವರ್ಷ ಪಕ್ಕದ ಬೀದಿಯ ಒಬ್ಬ ಹೆಂಗಸು ಅವ್ವನನ್ನ ಪ್ರಾರ್ಥನೆಗೆ ಕರ್ಕೊಂಡು ಹೋದಳಂತೆ. ಶೀಟಿನ ಹಾಲ್, ನೀಲಿ ಪ್ಲಾಸ್ಟಿಕ್ ಕುರ್ಚಿಗಳು. ಅವ್ವ ಅಭ್ಯಾಸಬಲದಿಂದ ಗೋಡೆ ಪಕ್ಕ ನೆಲದ ಮೇಲೆ ಕೂತಳು. ಹಾಡ್ತಿದ್ದವರು ಹಾಡು ನಿಲ್ಲಿಸಿ, 'ಅಕ್ಕ, ಮೇಲೆ ಕೂತ್ಕೊಳ್ಳಿ' ಅಂದ್ರು. ಅವ್ವ ಎದ್ದು ಕೂತಳು. 'ಅವತ್ತಿನ ಪ್ರಸಂಗ ಏನು ಅಂತ ಅವಳಿಗೆ ಒಂದಕ್ಷರ ಗೊತ್ತಿಲ್ಲ. ಕುರ್ಚಿ ವಿಷಯ ಮಾತ್ರ ಇವತ್ತಿಗೂ ಹೇಳ್ತಾಳೆ' ಅಂದ.

ಆಮೇಲೆ ನಗ್ತಾ, 'ಕುರ್ಚಿ ಕೊಟ್ರೆ ಆಮಿಷ ಆಗುತ್ತೇನ್ಲಾ?' ಅಂತ ನನ್ನನ್ನೇ ಕೇಳ್ದ.

ತಮಾಷೆಯಾಗಿ ಕೇಳಿದ್ದೇ, ಆದ್ರೆ ಪ್ರಶ್ನೆ ತಮಾಷೆಯದ್ದಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣದ ಜೊತೆಗೆ 'ಉತ್ತಮ ಜೀವನಶೈಲಿ'ಯ ಭರವಸೆಯೂ ಆಮಿಷದ ಪಟ್ಟಿಯಲ್ಲಿತ್ತು. ಮತ ಬದಲಿಸೋನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತಲೂ ಇತ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ವಾಪಸ್ ಪಡೆಯೋ ತೀರ್ಮಾನ ತಗೊಂಡಿತು. ಟೀವಿಯಲ್ಲಿ ಎರಡೂ ಸಲ ಒಂದೇ ಥರದ ಗಲಾಟೆ.

ಮಾರ್ಟಳ್ಳಿ ಸುಮ್ಮನಾಗೋ ಜಾತಿ ಅಲ್ಲ. 'ಒಳಗೆ ಬಂದು ನೋಡು. ಜಾತಿ ಚರ್ಚ್ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರೋದಿಲ್ಲ ಯಾರೂ. ತಮಿಳುನಾಡಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ಇರೋ ಊರುಗಳು ಅವೆ.' ಇದೂ ನಿಜವೇ. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್‌ಗಳೇ ದಲಿತರ ಬಗ್ಗೆ ಒಂದು ನೀತಿ ಪ್ರಕಟಿಸಿ, ಚರ್ಚ್ ಒಳಗೆ ತಾರತಮ್ಯ ಇದೆ ಅಂತ ಒಪ್ಪಿಕೊಂಡಿದ್ದಾರೆ. ಬೇಗೂರು ಅದಕ್ಕೂ ತಲೆಯಾಡಿಸ್ದ. 'ಗೊತ್ತು ಬುಡು. ಅದ್ಕೇ ನಾನಿನ್ನೂ ದೀಕ್ಷಾಸ್ನಾನ ತಗೊಂಡಿಲ್ಲ ಅನ್ಕೊಂಡ್ಯಾ? ಅಲ್ಲ.'

ಕಾರಣ ಬೇರೆ. ಅವನ ತಂಗಿ ಸರ್ಕಾರಿ ಕೆಲಸಕ್ಕೆ ಓದ್ತಿದ್ದಾಳೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ್ರೆ ಇಲ್ಲ. ಕರ್ನಾಟಕದಲ್ಲಿ ಅಂಥವರನ್ನ ಪ್ರವರ್ಗ–1ಕ್ಕೆ ಹಾಕಿದ್ದಾರೆ, ಆದ್ರೆ ಅದು ಹಿಂದುಳಿದ ವರ್ಗ, ಎಸ್‌ಸಿ ಅಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಬ್ಬ ಮಹಿಳೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್, ನಂಬಿಕೆ ಕ್ರೈಸ್ತರದ್ದು, ಸರ್ಟಿಫಿಕೇಟ್ ಎಸ್‌ಸಿಯದ್ದು ಅನ್ನೋದು ಸಂವಿಧಾನಕ್ಕೆ ಮಾಡೋ ಮೋಸ ಅಂತ ಹೇಳಿತು. ಬೇಗೂರು ಆ ತೀರ್ಪು ಪೂರ್ತಿ ಓದಿದ್ದಾನೆ.

ನಾನು ಕೋಡ್ ಬರೆಯೋನು. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ, ಪಟ್ಟಿಯಲ್ಲಿ ಹಿಂದೂ ಜಾತಿಗಳ ಮುಂದೆ 'ಕ್ರಿಶ್ಚಿಯನ್' ಅಂತ ಸೇರಿದ್ದ ಹೆಸರುಗಳ ಬಗ್ಗೆ ದೊಡ್ಡ ಗಲಾಟೆ ಆಯ್ತು. ಆಯೋಗ ಅವನ್ನ ಆ್ಯಪ್‌ನ ಡ್ರಾಪ್‌ಡೌನ್‌ನಿಂದ ಮರೆಮಾಡಿತು. ಡ್ರಾಪ್‌ಡೌನ್‌ನಿಂದ ಒಂದು ಹೆಸರು ತೆಗೆಯೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು. ಆ ಹೆಸರಿನ ಮನುಷ್ಯ ಎಲ್ಲಿಗೂ ಹೋಗಿರಲ್ಲ. ನನ್ನ ಕಾರಲ್ಲೇ ಇಬ್ಬರು ಕೂತಿದ್ರು. ಮಾರ್ಟಳ್ಳಿ ದಾಖಲೆಯಲ್ಲಿ ಕ್ರೈಸ್ತ, ಒಳಗೆ ನಾಸ್ತಿಕ. ಬೇಗೂರು ಒಳಗೆ ಕ್ರೈಸ್ತ, ದಾಖಲೆಯಲ್ಲಿ ಹಿಂದೂ. ಸುಳ್ಳು ಹೇಳ್ತಿದ್ದಾರೆ ಅಂತ ಭಯಪಡಬೇಕಾಗಿರೋದು ಮಾತ್ರ ಒಬ್ಬನೇ. ಮತ ಬದಲಿಸಿದ ತಕ್ಷಣ ಬೀದಿಯವರು ಜಾತಿ ಮರೆತುಬಿಡ್ತಾರೆ ಅನ್ನೋ ಊಹೆಯ ಮೇಲೆ ಆ ಕಾನೂನು ನಿಂತಿದೆ ಅಂತ ನನಗನ್ಸುತ್ತೆ. ಆ ಬೀದಿ ನಮ್ಮ ಜಿಲ್ಲೆಯಲ್ಲಿ ನಾನಂತೂ ನೋಡಿಲ್ಲ.

ಇಲ್ಲಿ ನನ್ನದೂ ಒಂದು ಹೇಳಿಬಿಡ್ತೀನಿ. ಮೂರನೇ ಸೆಮಿಸ್ಟರ್ ರಜೆಯಲ್ಲಿ ಇವರಿಬ್ಬರೂ ನಮ್ಮನೆಗೆ ಬಂದಿದ್ರು. ಅಜ್ಜಿ ಊರು ಕೇಳಿದ್ರು, ಬೀದಿ ಕೇಳಿದ್ರು. ಮಾರ್ಟಳ್ಳಿಗೆ ಹಾಲ್‌ನಲ್ಲಿ ಕುರ್ಚಿ ಎಳೆದು ಹಾಕಿದ್ರು. ಬೇಗೂರಿಗೆ ಜಗಲಿಯಲ್ಲಿ ಚಾಪೆ ಹಾಸಿದ್ರು. ನಾನು ನೋಡಿದೆ. ಸೆಖೆ ಅಂತ ನೆಪ ಹೇಳಿ ನಾನೂ ಹೋಗಿ ಚಾಪೆ ಮೇಲೆ ಕೂತೆ, ದೊಡ್ಡ ಕ್ರಾಂತಿ ಮಾಡಿದೋನ ಥರ. 'ಅಜ್ಜಿ, ಅವನಿಗೂ ಒಂದು ಕುರ್ಚಿ' ಅಂತ ಬಾಯಿ ಬಿಡಲಿಲ್ಲ. ಕಾರಿನಲ್ಲಿ ಕುರ್ಚಿ ಮಾತು ಬಂದಾಗ ಕನ್ನಡಿಯಲ್ಲಿ ಅವನ ಮುಖ ನೋಡಿದೆ. ನೆನಪಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕೇಳೋ ಧೈರ್ಯ ಇನ್ನೂ ಬಂದಿಲ್ಲ.

ಮಂಟಪ ತಲುಪಿದಾಗ ಹನ್ನೆರಡು ದಾಟಿತ್ತು. ಮೂವರೂ ಅಕ್ಷತೆ ಹಾಕಿದ್ವಿ. ಊಟಕ್ಕೆ ಪಕ್ಕಪಕ್ಕ ಕೂತ್ವಿ, ಮಾರ್ಟಳ್ಳಿ ಎರಡು ಸಲ ಪಾಯಸ ಹಾಕಿಸ್ಕೊಂಡ.

ವಾಪಸ್ ಬರುವಾಗ ಬೇಗೂರು ಅವನನ್ನ ಕೇಳ್ದ, 'ಅವ್ವ ದೊಡ್ಡ ಚರ್ಚ್ ನೋಡಿಲ್ಲ. ನಿಮ್ಮೂರಿಗೆ ಕ್ರಿಸ್‌ಮಸ್‌ಗೆ ಕರ್ಕೊಂಡು ಬಂದ್ರೆ ಏನಾರ ಅನ್ಕೋತಾರಾ?'

'ಯಾರು ಏನನ್ಕೋತಾರೆ? ನಮ್ಮಮ್ಮ ಖುಷಿ ಪಡ್ತಾರೆ. ಮಗ ಹೋಗಲ್ಲ, ನಿಮ್ಮವ್ವ ಆದ್ರೂ ಜೊತೆಗೆ ಹೋಗ್ಲಿ' ಅಂದ ಮಾರ್ಟಳ್ಳಿ. 'ನಾನು ಹೊರಗೆ ನಿಂತು ನಿಮ್ಮ ಚಪ್ಪಲಿ ಕಾಯ್ತೀನಿ.'

'ಒಳಗೆ ಕುರ್ಚಿ ಇರ್ತಾವಾ?'

'ಬೆಂಚು' ಅಂದ ಮಾರ್ಟಳ್ಳಿ. 'ಮುಂದಿನ ಸಾಲು ಹಿಡೀಬೇಕು ಅಂದ್ರೆ ಒಂದು ಗಂಟೆ ಮುಂಚೆ ಬರ್ಬೇಕು.'